ಹದೀಥಾದಲ್ಲಿ 24 ಸಾವು, ಜೈಲಿಗೆ ಹೋದವರು ಯಾರೂ ಇಲ್ಲ: ತನಿಖೆ ಸೋತದ್ದು ಎಲ್ಲಿ?

ಪ್ರಶ್ನೆ: ನಾನು ಶಿವಮೊಗ್ಗದ ನಿವೃತ್ತ ಇತಿಹಾಸ ಶಿಕ್ಷಕಿ. ಇರಾಕಿನ ಹದೀಥಾ ಪಟ್ಟಣದಲ್ಲಿ 2005ರಲ್ಲಿ ಅಮೆರಿಕದ ಮರೀನ್ ಸೈನಿಕರು 24 ನಾಗರಿಕರನ್ನು ಕೊಂದ ಪ್ರಕರಣದ ಬಗ್ಗೆ ಓದಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಎಂಟು ಮಂದಿಯ ಮೇಲೆ ದೋಷಾರೋಪ ಹೊರಿಸಿ, ವರ್ಷಗಟ್ಟಲೆ ವಿಚಾರಣೆ ನಡೆಸಿದ ಮೇಲೂ ಒಬ್ಬರಿಗೂ ಸೆರೆವಾಸದ ಶಿಕ್ಷೆಯಾಗಲಿಲ್ಲವಂತೆ. ಸುಬೇದಾರರಾಗಿ ನಿವೃತ್ತರಾದ ನಮ್ಮ ಅಳಿಯಂದಿರು, ಗುಂಡು ಹಾರುವ ಜಾಗದಲ್ಲಿ ಪೊಲೀಸರ ಹಾಗೆ ತನಿಖೆ ನಡೆಸಲು ಸಾಧ್ಯವೇ ಇಲ್ಲ, ಯುದ್ಧದಲ್ಲಿ ಆದದ್ದನ್ನು ಕೊಲೆ ಎನ್ನಲಾಗದು ಎನ್ನುತ್ತಾರೆ. ಸೇನೆ ತನ್ನವರನ್ನು ತಾನೇ ವಿಚಾರಿಸಿಕೊಂಡರೆ ಇನ್ನೇನಾಗುತ್ತದೆ, ಅದೆಲ್ಲ ನಾಟಕ ಎಂಬುದು ಮಗಳ ವಾದ. ಇಬ್ಬರಲ್ಲಿ ಯಾರ ಮಾತು ಸರಿ? ನಿರಪರಾಧಿ ಸೈನಿಕನಿಗೆ ಅನ್ಯಾಯವಾಗದಂತೆ ಇಂಥ ಸಾವುಗಳನ್ನು ತನಿಖೆ ಮಾಡುವ ದಾರಿ ಇದೆಯೇ? ಹದೀಥಾ ಪ್ರಕರಣವನ್ನು ಮತ್ತೆ ತೆರೆಯಲು ಬರುತ್ತದೆಯೇ?

ಉತ್ತರ: ನಿಮ್ಮ ಅಳಿಯಂದಿರ ಮಾತಿನಲ್ಲೂ ಮಗಳ ಮಾತಿನಲ್ಲೂ ಅರ್ಧರ್ಧ ಸತ್ಯವಿದೆ. ಸೇನೆಯ ಕಾನೂನು ವಿಭಾಗದಲ್ಲಿದ್ದಾಗ ನಾನು ಕೋರ್ಟ್ ಮಾರ್ಷಲ್‌ಗಳಲ್ಲಿ ಆರೋಪ ಮಂಡಿಸುವ ಕಡೆಗೂ ಆರೋಪಿಯ ಕಡೆಗೂ ನಿಂತವನು. ಆ ಅನುಭವದಿಂದ ಹೇಳುವುದಾದರೆ, ಇಂಥ ಮೊಕದ್ದಮೆಗಳು ಬಿದ್ದುಹೋಗುವುದು ನ್ಯಾಯಾಧೀಶರ ಮುಂದೆ ಎಂದು ಹೊರಗಿನವರು ಭಾವಿಸುತ್ತಾರೆ. ಬಹುಪಾಲು ಅವು ಘಟನೆ ನಡೆದ ಮೊದಲ ಕೆಲವು ದಿನಗಳಲ್ಲೇ, ಇಲ್ಲಿ ತನಿಖೆ ಮಾಡುವಂಥದ್ದೇನೂ ಇಲ್ಲ ಎಂದು ಯಾರೋ ಒಬ್ಬ ಅಧಿಕಾರಿ ವರದಿಯಲ್ಲಿ ಬರೆದ ಹೊತ್ತಿಗೇ ಸೋತಿರುತ್ತವೆ.

ಮೊದಲು ಅಳಿಯಂದಿರ ಮಾತನ್ನೇ ನೋಡೋಣ. ಹೋರಾಡುತ್ತಿರುವ ಶತ್ರುವನ್ನು ಕೊಂದ ಸೈನಿಕ ಕೊಲೆಗಾರನಲ್ಲ. ಸೈನಿಕ ಗುರಿಯ ಮೇಲೆ ನಡೆದ ದಾಳಿಯಲ್ಲಿ ನಾಗರಿಕರು ಸತ್ತರೂ, ಆ ಹಾನಿ ದಾಳಿಯಿಂದ ನಿರೀಕ್ಷಿಸಿದ ಸೈನಿಕ ಲಾಭಕ್ಕೆ ಹೋಲಿಸಿದರೆ ಮಿತಿಮೀರಿದ್ದಲ್ಲವಾದರೆ ಅದನ್ನು ಅಪರಾಧವೆಂದು ಕಾನೂನು ಕರೆಯುವುದಿಲ್ಲ. ಆದರೆ ಯುದ್ಧದಲ್ಲಿ ಪಾಲ್ಗೊಳ್ಳದ ನಾಗರಿಕನನ್ನು ಗೊತ್ತಿದ್ದೂ ಗುಂಡಿಕ್ಕುವುದು 1949ರ ಜಿನೀವಾ ಒಪ್ಪಂದಗಳ ಪ್ರಕಾರ ಘೋರ ಉಲ್ಲಂಘನೆ. ನಾಲ್ಕನೆಯ ಒಪ್ಪಂದದ 146ನೇ ವಿಧಿಯಂತೆ, ಅಂಥ ಆರೋಪಿಗಳನ್ನು ಹುಡುಕಿ ವಿಚಾರಣೆಗೆ ಒಳಪಡಿಸುವುದು ಸಹಿ ಹಾಕಿದ ಪ್ರತಿ ದೇಶದ ಹೊಣೆ. ಅಮೆರಿಕದ ಸೇನಾ ಸಂಹಿತೆಯಲ್ಲಿಯೂ ಕೊಲೆ ಕೊಲೆಯೇ. ಹಾಗಾಗಿ ಯುದ್ಧದಲ್ಲಿ ಸತ್ತವರ ವಿಷಯದಲ್ಲಿ ಯಾರು ಕೊಂದರು ಎಂಬುದು ಹಲವು ಸಲ ವಿವಾದವೇ ಆಗಿರುವುದಿಲ್ಲ; ಕೊಂದವನ ಕಣ್ಣಿಗೆ ಆ ಕ್ಷಣದಲ್ಲಿ ಏನು ಕಂಡಿತು, ಏನು ಕಾಣಬೇಕಾಗಿತ್ತು ಎಂಬುದೇ ಇಡೀ ಮೊಕದ್ದಮೆ. ಗಾಯ ಎಲ್ಲಿತ್ತು, ಎಷ್ಟು ಹತ್ತಿರದಿಂದ ಗುಂಡು ಬಿತ್ತು, ಶವ ಯಾವ ಭಂಗಿಯಲ್ಲಿತ್ತು, ಪಕ್ಕದಲ್ಲಿ ಆಯುಧವಿತ್ತೇ ಎಂಬ ಸಂಗತಿಗಳಷ್ಟೇ ಇದನ್ನು ಹೇಳಬಲ್ಲವು, ಮತ್ತು ಇವೆಲ್ಲ ಬೇಗ ಅಳಿಸಿಹೋಗುವ ಸಾಕ್ಷ್ಯಗಳು.

ಮಗಳ ಮಾತಿಗೆ ಉತ್ತರ ಅದೇ ಇರಾಕ್ ಯುದ್ಧದಲ್ಲೇ ಇದೆ. ಹದೀಥಾ ಘಟನೆಯಾದ ನಾಲ್ಕು ತಿಂಗಳೊಳಗೆ, 2006ರ ಮಾರ್ಚ್‌ನಲ್ಲಿ, ಬಾಗ್ದಾದ್‌ನ ದಕ್ಷಿಣಕ್ಕಿರುವ ಮಹ್ಮೂದಿಯಾ ಬಳಿ ಅಮೆರಿಕದ ಸೈನಿಕರು 14 ವರ್ಷದ ಹುಡುಗಿಯ ಮೇಲೆ ಅತ್ಯಾಚಾರವೆಸಗಿ, ಅವಳನ್ನೂ ತಂದೆತಾಯಿಯನ್ನೂ ಪುಟ್ಟ ತಂಗಿಯನ್ನೂ ಕೊಂದರು. ಮೊದಲಿಗೆ ಅದನ್ನು ಬಂಡುಕೋರರ ಕೃತ್ಯವೆಂದೇ ಬರೆದುಕೊಳ್ಳಲಾಗಿತ್ತು. ಆದರೆ ಅದೇ ತುಕಡಿಯ ಸೈನಿಕನೊಬ್ಬ ಜೂನ್‌ನಲ್ಲಿ ಬಾಯಿಬಿಟ್ಟ. ಆರೋಪಿಗಳಲ್ಲಿ ಇಬ್ಬರು ತಪ್ಪೊಪ್ಪಿಕೊಂಡರು. ಕೋರ್ಟ್ ಮಾರ್ಷಲ್ ಮೂವರಿಗೆ 90, 100, 110 ವರ್ಷಗಳ ಶಿಕ್ಷೆ ಕೊಟ್ಟಿತು. ಅಷ್ಟರಲ್ಲಿ ಸೇನೆಯಿಂದ ಹೊರಬಿದ್ದಿದ್ದ ಮುಖ್ಯ ಆರೋಪಿಯನ್ನು ಕೆಂಟಕಿಯ ಸಿವಿಲಿಯನ್ ಫೆಡರಲ್ ನ್ಯಾಯಾಲಯ 2009ರಲ್ಲಿ ಜೀವಾವಧಿಗೆ ಕಳಿಸಿತು. ಸೇನಾ ನ್ಯಾಯವೆಲ್ಲ ನಾಟಕವಾಗಿದ್ದರೆ ಇದು ಆಗುತ್ತಿರಲಿಲ್ಲ. ಆದರೆ ಗಮನಿಸಿ, ಅಲ್ಲಿ ತನಿಖೆಯನ್ನು ಗೆಲ್ಲಿಸಿದ್ದು ಒಳಗಿನವನೊಬ್ಬನ ಆತ್ಮಸಾಕ್ಷಿ. ಅಂಥವನು ಸಿಗದಿದ್ದ ಕಡೆ ವ್ಯವಸ್ಥೆ ತಾನಾಗಿ ಏನು ಮಾಡುತ್ತದೆ ಎಂಬುದನ್ನು ಹದೀಥಾ ತೋರಿಸುತ್ತದೆ.

2005ರ ನವೆಂಬರ್ 19ರ ಬೆಳಗ್ಗೆ, ಮೂರನೇ ಬೆಟಾಲಿಯನ್, ಒಂದನೇ ಮರೀನ್ಸ್‌ನ ಕಿಲೋ ಕಂಪನಿಯ ವಾಹನಗಳ ಸಾಲು ಹದೀಥಾದ ರಸ್ತೆಯಲ್ಲಿ ಸಾಗುತ್ತಿದ್ದಾಗ ನೆಲದಲ್ಲಿ ಹುದುಗಿಸಿದ್ದ ಬಾಂಬ್ ಸಿಡಿದು ಒಬ್ಬ ಮರೀನ್ ಸತ್ತ, ಇಬ್ಬರು ಗಾಯಗೊಂಡರು. ಆ ಹೊತ್ತಿಗೆ ಅಲ್ಲಿಗೆ ಬಂದ ಬಿಳಿಯ ಕಾರಿನಲ್ಲಿದ್ದ ಐದು ಗಂಡಸರನ್ನು ರಸ್ತೆಯ ಬದಿಯಲ್ಲೇ ಕೊಲ್ಲಲಾಯಿತು. ಮುಂದಿನ ಕೆಲವು ಗಂಟೆಗಳಲ್ಲಿ ಮರೀನ್‌ಗಳು ಅಕ್ಕಪಕ್ಕದ ಮನೆಗಳಿಗೆ ನುಗ್ಗಿದರು. ಅಲ್ಲಿ ಸತ್ತವರಲ್ಲಿ ಹೆಂಗಸರಿದ್ದರು, ಪುಟ್ಟ ಮಕ್ಕಳಿದ್ದರು, ಗಾಲಿಕುರ್ಚಿಯ ವೃದ್ಧರೊಬ್ಬರಿದ್ದರು. ಒಟ್ಟು 24 ಮಂದಿ.

ಮರುದಿನ ಹೊರಬಿದ್ದ ಮರೀನ್ ಪ್ರಕಟಣೆಯಲ್ಲಿ ರಸ್ತೆಬದಿಯ ಬಾಂಬಿನಿಂದ ಒಬ್ಬ ಮರೀನ್ ಮತ್ತು 15 ನಾಗರಿಕರು ಸತ್ತರು, ಆಮೇಲಿನ ಚಕಮಕಿಯಲ್ಲಿ ಎಂಟು ಬಂಡುಕೋರರು ಹತರಾದರು ಎಂದಿತ್ತು. ಇಡೀ ಪ್ರಕರಣದ ಭವಿಷ್ಯವನ್ನು ಬರೆದದ್ದು ಆ ಪ್ರಕಟಣೆಯೇ. ನಾಗರಿಕರನ್ನು ಕೊಂದದ್ದು ಶತ್ರುವಿನ ಬಾಂಬ್ ಎಂದಾದ ಮೇಲೆ ಅಪರಾಧವೆಲ್ಲಿ? ಅಪರಾಧವಿಲ್ಲದ ಮೇಲೆ ಸ್ಥಳ ಮಹಜರು ಯಾಕೆ, ಖಾಲಿ ಕೋವಿಗುಂಡಿನ ಕೋಶಗಳನ್ನು ಎಣಿಸುವುದು ಯಾಕೆ, ಸೈನಿಕರನ್ನು ಬೇರೆ ಬೇರೆ ಕೂರಿಸಿ ಹೇಳಿಕೆ ಪಡೆಯುವುದು ಯಾಕೆ? ಮರೀನ್‌ಗಳೇ ತೆಗೆದ ಫೋಟೋಗಳಿದ್ದವು. ಶವಗಳ ಮೇಲಿದ್ದುದು ಗುಂಡಿನ ಗಾಯ ಎಂದು ಸ್ಥಳೀಯ ಆಸ್ಪತ್ರೆಯವರಿಗೆ ಗೊತ್ತಿತ್ತು. ಸ್ವಲ್ಪ ದಿನಗಳಲ್ಲೇ ಸೇನೆ ಮೃತರ ಕುಟುಂಬಗಳಿಗೆ ಸುಮಾರು 38,000 ಡಾಲರ್ ಸಾಂತ್ವನದ ಹಣವನ್ನೂ ಹಂಚಿತು. ಕೊಂದದ್ದು ಶತ್ರುವಿನ ಬಾಂಬಾದರೆ ಹಣ ನಾವೇಕೆ ಕೊಡುತ್ತಿದ್ದೇವೆ ಎಂದು ಸಹಿ ಹಾಕುವ ಒಬ್ಬ ಅಧಿಕಾರಿಯಾದರೂ ಕೇಳಿದ್ದರೆ ಕಡತ ಅಲ್ಲಿಯೇ ತೆರೆದುಕೊಳ್ಳಬೇಕಿತ್ತು.

ಯಾಕೆ ಕೇಳಲಿಲ್ಲ? ಮುಂದೆ ಮೇಜರ್ ಜನರಲ್ ಎಲ್ಡನ್ ಬಾರ್ಜ್‌ವೆಲ್ ನಡೆಸಿದ ಆಂತರಿಕ ವಿಚಾರಣೆ ಇದಕ್ಕೆ ಕೊಟ್ಟ ಉತ್ತರ ಪಿತೂರಿಗಿಂತಲೂ ಕಳವಳಕಾರಿಯಾದುದು. ನಾಗರಿಕರ ಸಾವನ್ನು, ಅದು ದೊಡ್ಡ ಸಂಖ್ಯೆಯಲ್ಲಿದ್ದಾಗಲೂ, ಯುದ್ಧದ ದಿನನಿತ್ಯದ ಸಂಗತಿಯೆಂದೇ ಮೇಲಿನಿಂದ ಕೆಳಗಿನವರೆಗಿನ ಅಧಿಕಾರಿಗಳು ನೋಡುತ್ತಿದ್ದರು ಎಂದು ಆ ವರದಿ ಕಂಡುಕೊಂಡಿತು. ಮುಚ್ಚಿಹಾಕುವ ಉದ್ದೇಶ ಇರಲೇಬೇಕೆಂದಿಲ್ಲ, ಕುತೂಹಲವಿಲ್ಲದಿದ್ದರೂ ಸಾಕ್ಷ್ಯ ಅಷ್ಟೇ ಚೆನ್ನಾಗಿ ನಾಶವಾಗುತ್ತದೆ. ನನ್ನ ವೃತ್ತಿಯಲ್ಲಿ ಸುಳ್ಳು ವರದಿ ಬರೆದ ಅಧಿಕಾರಿಗಳಿಗಿಂತ, ಬಂದ ವರದಿಯನ್ನು ಓದದೇ ಮೇಲೆ ಕಳಿಸಿದ ಅಧಿಕಾರಿಗಳನ್ನೇ ನಾನು ಹೆಚ್ಚು ಕಂಡಿದ್ದೇನೆ.

ಘಟನೆಯ ಮರುದಿನ ಇರಾಕಿ ಪತ್ರಿಕೋದ್ಯಮ ವಿದ್ಯಾರ್ಥಿಯೊಬ್ಬ ಮನೆಗಳ ಒಳಗಿನ ರಕ್ತದ ಕಲೆಗಳನ್ನೂ ಶವಾಗಾರವನ್ನೂ ಚಿತ್ರೀಕರಿಸಿದ್ದ. ಆ ವಿಡಿಯೊ ಟೈಮ್ ಪತ್ರಿಕೆಗೆ ಸಿಕ್ಕಿ, ಪತ್ರಿಕೆಯವರು 2006ರ ಜನವರಿಯಲ್ಲಿ ಸೇನೆಯನ್ನು ಪ್ರಶ್ನಿಸಿದ ಮೇಲೆ ಮೊದಲ ವಿಚಾರಣೆ ಶುರುವಾಯಿತು. ನೌಕಾಪಡೆಯ ಅಪರಾಧ ತನಿಖಾ ಸೇವೆ, ಅಂದರೆ ಎನ್‌ಸಿಐಎಸ್, ಪ್ರಕರಣವನ್ನು ಕೈಗೆತ್ತಿಕೊಂಡದ್ದು ಮಾರ್ಚ್‌ನಲ್ಲಿ. ಹತ್ತಿರ ಹತ್ತಿರ ನಾಲ್ಕು ತಿಂಗಳು ಕಳೆದಿತ್ತು. ಶವಗಳು ಮಣ್ಣಾಗಿದ್ದವು, ಮರಣೋತ್ತರ ಪರೀಕ್ಷೆ ಆಗಿರಲಿಲ್ಲ, ಹೂತ ಶವಗಳನ್ನು ಹೊರತೆಗೆಯಲು ಕುಟುಂಬಗಳು ಧಾರ್ಮಿಕ ಕಾರಣಕ್ಕೆ ಒಪ್ಪಲಿಲ್ಲ. ಅವರನ್ನು ದೂರುವಂತಿಲ್ಲ, ತಮ್ಮವರನ್ನು ಕೊಂದ ಪಡೆಯ ಅಧಿಕಾರಿಗಳೇ ಸಮಾಧಿ ಅಗೆಯಲು ಅನುಮತಿ ಕೇಳಿದರೆ ಯಾರು ತಾನೇ ಒಪ್ಪಿಯಾರು? ಆದರೆ ಯಾವ ಗುಂಡು ಯಾರ ಬಂದೂಕಿನದು ಎಂದು ವಿಜ್ಞಾನದಿಂದ ಹೇಳುವ ದಾರಿ ಅಲ್ಲಿಗೆ ಬಹುಮಟ್ಟಿಗೆ ಮುಚ್ಚಿಹೋಯಿತು. ತನಿಖಾಧಿಕಾರಿಗಳ ಬಳಿ ಉಳಿದದ್ದು ಫೋಟೋಗಳು, ಗೋಡೆಯ ಮೇಲಿನ ಕಲೆಗಳು, ಬದುಕುಳಿದವರ ಮಾತು, ಮತ್ತು ಅಷ್ಟೂ ತಿಂಗಳು ಒಂದೇ ಶಿಬಿರದಲ್ಲಿ ಒಟ್ಟಿಗೆ ಉಂಡು ಮಲಗಿದ್ದ ಸೈನಿಕರ ಹೇಳಿಕೆಗಳು.

2006ರ ಡಿಸೆಂಬರಿನಲ್ಲಿ ನಾಲ್ವರು ಮರೀನ್‌ಗಳ ಮೇಲೆ ಕೊಲೆ, ನಾಲ್ವರು ಅಧಿಕಾರಿಗಳ ಮೇಲೆ ವರದಿ ಮತ್ತು ತನಿಖೆಯಲ್ಲಿ ಲೋಪ ಎಸಗಿದ ಆರೋಪ ಬಂತು. ಭೌತಿಕ ಸಾಕ್ಷ್ಯ ತೆಳ್ಳಗಿದ್ದುದರಿಂದ ಪ್ರಾಸಿಕ್ಯೂಷನ್ ಆರೋಪಿಗಳನ್ನೇ ಮಾಫಿ ಸಾಕ್ಷಿಗಳನ್ನಾಗಿ ಮಾಡಿಕೊಳ್ಳಬೇಕಾಯಿತು. ಮಾಫಿ ಸಾಕ್ಷಿಯ ಕಷ್ಟ ನಮ್ಮ ಕೋರ್ಟುಗಳಿಗೂ ಹೊಸದಲ್ಲ: ಅವನು ಮೊದಲು ಕೊಟ್ಟ ಸುಳ್ಳು ಹೇಳಿಕೆ ಕಡತದಲ್ಲೇ ಇರುತ್ತದೆ, ಪಾಟೀಸವಾಲಿನಲ್ಲಿ ಎದುರು ವಕೀಲರು ಅದನ್ನು ಓದಿ ಹೇಳಿದರೆ ಸಾಕು. ಹದೀಥಾದ ಪ್ರಮುಖ ಸಾಕ್ಷಿಯೊಬ್ಬ ತಾನು ಹಿಂದೆ ತನಿಖಾಧಿಕಾರಿಗಳಿಗೆ ಸುಳ್ಳು ಹೇಳಿದ್ದೆನೆಂದು ವಿಚಾರಣೆಯಲ್ಲೇ ಒಪ್ಪಿಕೊಂಡ. ಒಂದೊಂದಾಗಿ ಆರೋಪಗಳು ರದ್ದಾದವು. ಒಬ್ಬ ಅಧಿಕಾರಿ ವಿಚಾರಣೆಯಲ್ಲಿ ಖುಲಾಸೆಯಾದರು.

ಬೆಟಾಲಿಯನ್ ಕಮಾಂಡರ್ ಮೇಲಿನ ಆರೋಪ ಬಿದ್ದುಹೋದ ಕಥೆಯನ್ನು ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಮಗಳ ವಾದಕ್ಕೆ ಅದು ಬೇರೊಂದು ತಿರುವು ಕೊಡುತ್ತದೆ. ಈ ಪ್ರಕರಣದ ತನಿಖೆಯಲ್ಲಿ ಭಾಗಿಯಾಗಿದ್ದ ಕರ್ನಲ್ ಒಬ್ಬರು ಮುಂದೆ, ಮೊಕದ್ದಮೆ ನಡೆಸಬೇಕೇ ಬೇಡವೇ ಎಂದು ನಿರ್ಧರಿಸುವ ಜನರಲ್ ಜೇಮ್ಸ್ ಮ್ಯಾಟಿಸ್ ಅವರ ಕಾನೂನು ಸಲಹೆಗಾರರಾದರು, ಪ್ರಕರಣ ಚರ್ಚೆಗೆ ಬಂದ ಸಭೆಗಳಲ್ಲಿ ಕುಳಿತರು. ಇದು ಆರೋಪಿಯ ವಿರುದ್ಧ ಮೇಲಧಿಕಾರಿಗಳು ಅಕ್ರಮ ಪ್ರಭಾವ ಬೀರಿದಂತೆ ತೋರುತ್ತದೆ ಎಂದು 2008ರಲ್ಲಿ ಸೇನಾ ನ್ಯಾಯಾಧೀಶರು ಆರೋಪವನ್ನೇ ವಜಾ ಮಾಡಿದರು. ತನಿಖೆ, ಸಲಹೆ, ನಿರ್ಧಾರ ಮೂರೂ ಒಂದೇ ಛಾವಣಿಯಡಿ ಇದ್ದರೆ ಆರೋಪಿಗೆ ರಕ್ಷಣೆಯಾಗುತ್ತದೆ ಎಂದು ನಾವು ಅಂಜುತ್ತೇವೆ, ಆದರೆ ಆರೋಪಿಗೆ ಅನ್ಯಾಯವಾಯಿತೆಂದು ಮೊಕದ್ದಮೆ ಮುರಿದುಬೀಳುವುದಕ್ಕೂ ಅದೇ ಕಾರಣವಾಗುತ್ತದೆ.

ಕೊನೆಗುಳಿದವನು ಆ ದಿನ ಸ್ಕ್ವಾಡ್ ನಾಯಕನಾಗಿದ್ದ ಸ್ಟಾಫ್ ಸಾರ್ಜೆಂಟ್ ಫ್ರಾಂಕ್ ವುಟೆರಿಚ್. ಸಂದರ್ಶನವೊಂದರ ಪ್ರಸಾರವಾಗದ ದೃಶ್ಯಗಳನ್ನು ಪ್ರಾಸಿಕ್ಯೂಷನ್‌ಗೆ ಒಪ್ಪಿಸಬೇಕೇ ಎಂಬಂಥ ಅಡ್ಡವ್ಯಾಜ್ಯಗಳಲ್ಲಿ ವರ್ಷಗಳು ಕಳೆದು, 2012ರ ಜನವರಿಯಲ್ಲಿ ವಿಚಾರಣೆ ಆರಂಭವಾದ ಸ್ವಲ್ಪದರಲ್ಲೇ ರಾಜಿಯಾಯಿತು. ಮೊದಲು ಗುಂಡು ಹಾರಿಸಿ, ಪ್ರಶ್ನೆ ಆಮೇಲೆ ಎಂಬರ್ಥದಲ್ಲಿ ತನ್ನವರಿಗೆ ಹೇಳಿದ್ದು ನಿರ್ಲಕ್ಷ್ಯದ ಕರ್ತವ್ಯಲೋಪ ಎಂದು ಅವನು ಒಪ್ಪಿಕೊಂಡ, ನರಹತ್ಯೆಯ ಆರೋಪಗಳು ಬಿದ್ದುಹೋದವು. ಆ ಲೋಪಕ್ಕೆ ಇದ್ದ ಗರಿಷ್ಠ ಶಿಕ್ಷೆ ಮೂರು ತಿಂಗಳ ಸೆರೆ. ರಾಜಿಯ ಷರತ್ತಿನಂತೆ ಅದೂ ಇಲ್ಲದೆ ಅವನ ದರ್ಜೆಯನ್ನು ಪ್ರೈವೇಟ್‌ಗೆ ಇಳಿಸಲಾಯಿತು, ಅಷ್ಟೆ.

ಇದು ಅಮೆರಿಕ ಒಂದರದೇ ಕಾಯಿಲೆಯಲ್ಲ. ದಕ್ಷಿಣ ಇರಾಕಿನಲ್ಲಿದ್ದ ಬ್ರಿಟಿಷ್ ಸೇನೆ 2003ರ ಜುಲೈನಲ್ಲಿ ಒಂದು ನಿಯಮ ತಂದಿತು. ಗುಂಡು ಹಾರಿಸಿದ್ದು ನಿಯಮದ ಚೌಕಟ್ಟಿನೊಳಗೇ ಎಂದು ಆ ತುಕಡಿಯ ಕಮಾಂಡಿಂಗ್ ಆಫೀಸರಿಗೆ ಮನವರಿಕೆಯಾದರೆ, ಸೇನಾ ಪೊಲೀಸರ ವಿಶೇಷ ತನಿಖಾ ವಿಭಾಗವನ್ನು ಕರೆಯಬೇಕಾಗಿಲ್ಲ ಎಂದು. ಯಾರ ಮೇಲೆ ಹೊಣೆ ಬರಬಹುದೋ ಅವರ ಒಪ್ಪಿಗೆಯಿಲ್ಲದೆ ಎಫ್‌ಐಆರ್ ಇಲ್ಲ ಎಂದಂತಾಯಿತು. ಅಲ್ಲಿ ಹತರಾದ ಇರಾಕಿಗಳ ಬಂಧುಗಳು ಬ್ರಿಟನ್ ವಿರುದ್ಧ ಹೂಡಿದ್ದ ಅಲ್-ಸ್ಕೀನಿ ಪ್ರಕರಣದಲ್ಲಿ 2011ರಲ್ಲಿ ತೀರ್ಪು ಕೊಟ್ಟ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ, ಇಂಥ ತನಿಖೆಗೆ ಅಗತ್ಯವಾದ ಸ್ವಾತಂತ್ರ್ಯ ಇರಲಿಲ್ಲವೆಂದು ಹೇಳಿತು. ಬ್ರಿಟನ್ ಇರಾಕಿನ ಆರೋಪಗಳಿಗೆಂದು 2010ರಲ್ಲಿ ಕಟ್ಟಿದ್ದ ತನಿಖಾ ತಂಡದ ಮುಂದೆ 3,400ಕ್ಕೂ ಹೆಚ್ಚು ದೂರುಗಳು ಬಂದವು. ಅಷ್ಟರಲ್ಲಾಗಲೇ ಏಳೆಂಟು ವರ್ಷ ಹಳೆಯದಾಗಿದ್ದ ನೆನಪುಗಳ ಮೇಲೆ ನಡೆದ ಆ ತನಿಖೆಯ ವಿಶ್ವಾಸಾರ್ಹತೆಗೆ, ದೂರುದಾರರ ಪರವಾಗಿದ್ದ ವಕೀಲ ಫಿಲ್ ಶೈನರ್ ಅವರ ಸನ್ನದು ಅಪ್ರಾಮಾಣಿಕತೆಯ ಕಾರಣಕ್ಕೆ 2017ರಲ್ಲಿ ರದ್ದಾದದ್ದು ದೊಡ್ಡ ಪೆಟ್ಟು ಕೊಟ್ಟಿತು. ಅದೇ ವರ್ಷ, ಒಬ್ಬ ಸೈನಿಕನ ಮೇಲೂ ಕೊಲೆ ಮೊಕದ್ದಮೆ ಹೂಡದೆ ತಂಡವನ್ನು ಮುಚ್ಚಲಾಯಿತು. ಅಳಿಯಂದಿರಂಥವರ ಅಂಜಿಕೆ ಸುಳ್ಳಲ್ಲ: ಹಲವು ಸೈನಿಕರು ಮತ್ತೆ ಮತ್ತೆ ವಿಚಾರಣೆ ಎದುರಿಸಿದರು. ಆದರೆ ಆ ಕಿರುಕುಳ ಹುಟ್ಟಿದ್ದು ತನಿಖೆ ಹೆಚ್ಚಾದದ್ದರಿಂದಲ್ಲ, ಆಗಬೇಕಾದ ಹೊತ್ತಿನಲ್ಲಿ ಸರಿಯಾದ ಒಂದು ತನಿಖೆ ಆಗದಿದ್ದುದರಿಂದ ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ದಾರಿ ಏನು? ನಾನು ಮೊದಲ ಸ್ಥಾನ ಕೊಡುವುದು ಅತ್ಯಂತ ಸಪ್ಪೆಯೆನಿಸುವ ಸುಧಾರಣೆಗೆ. ನಾಗರಿಕ ಸತ್ತನೆಂಬ ಸುದ್ದಿ ಬಂದ ಕೂಡಲೇ, ಕಮಾಂಡರ್ ಒಪ್ಪಲಿ ಬಿಡಲಿ, ಅದು ತುಕಡಿಯ ಹೊರಗಿನ ತನಿಖಾಧಿಕಾರಿಗೆ ತಾನಾಗಿ ತಲುಪಬೇಕು. ಫೋಟೋ, ರೇಡಿಯೊ ದಾಖಲೆ, ಡ್ರೋನ್ ದೃಶ್ಯ ಅದೇ ದಿನ ಅವರ ವಶಕ್ಕೆ ಹೋಗಬೇಕು. ಅಪಾಯ ಇಲ್ಲದಿಲ್ಲ. ಕಾಳಗದ ನಡುವೆ ಇದು ಹೊರೆ, ಅಪರಾಧವಲ್ಲದ ಸಾವುಗಳಿಗೂ ಕಡತಗಳು ಬೆಳೆಯುತ್ತವೆ, ಗುಂಡು ಹಾರುತ್ತಿರುವ ಕಡೆಗೆ ತನಿಖಾಧಿಕಾರಿಯನ್ನು ಕಳಿಸುವುದೂ ಸುಲಭವಲ್ಲ. ಇದನ್ನು ನ್ಯಾಯಾಲಯಗಳೂ ಒಪ್ಪುತ್ತವೆ. ಅಫ್ಘಾನಿಸ್ತಾನದ ಕುಂದುಜ್‌ನಲ್ಲಿ 2009ರಲ್ಲಿ ಜರ್ಮನ್ ಅಧಿಕಾರಿಯೊಬ್ಬರ ಆದೇಶದಂತೆ ನಡೆದು ನಾಗರಿಕರನ್ನೂ ಬಲಿತೆಗೆದುಕೊಂಡ ವಾಯುದಾಳಿಯ ತನಿಖೆ ಸಾಲದೆಂದು ಮೃತ ಮಕ್ಕಳ ತಂದೆಯೊಬ್ಬರು ಹೋದಾಗ, ಅದೇ ಯುರೋಪಿನ ನ್ಯಾಯಾಲಯ 2021ರಲ್ಲಿ ಯುದ್ಧಭೂಮಿಯ ಕಷ್ಟಗಳನ್ನು ಗಣನೆಗೆ ತೆಗೆದುಕೊಂಡು, ಜರ್ಮನಿಯ ತನಿಖೆ ಸಾಕಷ್ಟಿತ್ತು ಎಂದೇ ಹೇಳಿತು.

ಎರಡನೆಯ ದಾರಿ, ಮೊಕದ್ದಮೆ ಹೂಡುವ ನಿರ್ಧಾರವನ್ನು ಕಮಾಂಡರುಗಳ ಕೈಯಿಂದ ತೆಗೆಯುವುದು. ಅಮೆರಿಕ 2023ರ ಡಿಸೆಂಬರಿನಿಂದ ಕೊಲೆಯೂ ಸೇರಿದಂತೆ ಕೆಲವು ಅಪರಾಧಗಳಲ್ಲಿ ಈ ಅಧಿಕಾರವನ್ನು ವಿಶೇಷ ವಕೀಲರ ಕಚೇರಿಗಳಿಗೆ ಕೊಟ್ಟಿದೆ. ಬ್ರಿಟನ್ 2022ರಲ್ಲಿ ಗಂಭೀರ ಅಪರಾಧಗಳಿಗೆ ಮೂರೂ ಪಡೆಗಳಿಗೆ ಸೇರಿದ ಪ್ರತ್ಯೇಕ ತನಿಖಾ ಘಟಕ ಕಟ್ಟಿತು. ಇವು ಒಳ್ಳೆಯವೇ, ಆದರೆ ಸಾಕ್ಷ್ಯವೇ ಕೈತಪ್ಪಿದ ಕಡತ ಸ್ವತಂತ್ರ ವಕೀಲನ ಮೇಜಿಗೆ ಬಂದರೂ ಅದು ಖಾಲಿ ಕಡತವೇ.

ಮೂರನೆಯದು ಆಸ್ಟ್ರೇಲಿಯಾ ಹಿಡಿದ ದಾರಿ. ಅಫ್ಘಾನಿಸ್ತಾನದಲ್ಲಿ ಅಲ್ಲಿನ ವಿಶೇಷ ಪಡೆಗಳು 39 ಜನರನ್ನು ಕಾನೂನುಬಾಹಿರವಾಗಿ ಕೊಂದವೆಂದು ನಂಬಲರ್ಹ ಮಾಹಿತಿ ಇದೆಯೆಂದು 2020ರ ನವೆಂಬರಿನಲ್ಲಿ ಹೊರಬಂದ ಬ್ರೆರೆಟನ್ ವರದಿ ಹೇಳಿತು. ಸತ್ತವರ ಪಕ್ಕ ಇಟ್ಟು ಫೋಟೋ ತೆಗೆಯಲೆಂದೇ ಬೇರೆ ಆಯುಧಗಳನ್ನು ಒಯ್ಯುತ್ತಿದ್ದ ಪರಿಪಾಠವನ್ನೂ ಅದು ಬಯಲಿಗೆಳೆಯಿತು. ಆ ವಿಚಾರಣೆಯಲ್ಲಿ ಸಾಕ್ಷಿಗಳು ಬಾಯಿಬಿಟ್ಟದ್ದು ಉತ್ತರಿಸಲೇಬೇಕೆಂಬ ಕಡ್ಡಾಯವಿದ್ದುದರಿಂದ. ಹಾಗೆ ಕಡ್ಡಾಯದಿಂದ ಪಡೆದ ಮಾತನ್ನು ಹೇಳಿದವನ ವಿರುದ್ಧವೇ ಕ್ರಿಮಿನಲ್ ಕೋರ್ಟಿನಲ್ಲಿ ಬಳಸುವಂತಿಲ್ಲ. ಆದ್ದರಿಂದ 2021ರಲ್ಲಿ ಸೇನೆಯ ಹೊರಗೆ ಸ್ಥಾಪಿಸಿದ ವಿಶೇಷ ತನಿಖಾ ಕಚೇರಿ ಪ್ರತಿ ಪ್ರಕರಣವನ್ನೂ ಮೊದಲಿನಿಂದ ಕಟ್ಟಬೇಕಾಯಿತು. ಮೊದಲ ಬಂಧನವಾದದ್ದು 2023ರ ಮಾರ್ಚ್‌ನಲ್ಲಿ. ಬೇಗ ಸತ್ಯ ತಿಳಿಯಬೇಕೆಂದರೆ ಶಿಕ್ಷೆ ಕಷ್ಟವಾಗುತ್ತದೆ, ಶಿಕ್ಷೆಯೇ ಗುರಿಯಾದರೆ ಸತ್ಯ ತಡವಾಗುತ್ತದೆ. ಈ ಇಕ್ಕಟ್ಟನ್ನು ಪೂರ್ತಿ ಬಿಡಿಸಿದ ದೇಶವನ್ನು ನಾನು ಕಂಡಿಲ್ಲ. ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯದ ಮೇಲೆ ಹೆಚ್ಚು ಭರವಸೆ ಬೇಡ. ಇರಾಕಿನಲ್ಲಿ ಬ್ರಿಟಿಷ್ ಸೈನಿಕರಿಂದ ಯುದ್ಧಾಪರಾಧಗಳಾದವೆಂದು ನಂಬಲು ಆಧಾರವಿದೆ ಎಂದು ಅದರ ಪ್ರಾಸಿಕ್ಯೂಟರ್ ಹೇಳಿದರೂ, ಬ್ರಿಟನ್ ಅವರನ್ನು ಬೇಕೆಂದೇ ರಕ್ಷಿಸಿತೆಂದು ಹೇಳಲಾಗದು ಎಂದು 2020ರಲ್ಲಿ ಕಡತ ಮುಚ್ಚಿದರು.

ಅಳಿಯಂದಿರು ನಮ್ಮ ದೇಶದ ಮಾತನ್ನೂ ಎತ್ತಬಹುದು. ಕಾಶ್ಮೀರದ ಪತ್ರಿಬಲ್‌ನಲ್ಲಿ 2000ದ ಮಾರ್ಚ್‌ನಲ್ಲಿ ವಿದೇಶಿ ಭಯೋತ್ಪಾದಕರೆಂದು ಕೊಲ್ಲಲಾದ ಐವರ ಶವಗಳನ್ನು ಹೊರತೆಗೆದಾಗ, ಮೊದಲು ಕಳಿಸಿದ ಡಿಎನ್ಎ ಮಾದರಿಗಳೇ ತಿದ್ದಿದವಾಗಿದ್ದವು. ಮತ್ತೆ ಪಡೆದ ಮಾದರಿಗಳಿಂದ ಅವರು ಸ್ಥಳೀಯರೆಂದು ಸಾಬೀತಾಯಿತು, 2006ರಲ್ಲಿ ಸಿಬಿಐ ದೋಷಾರೋಪ ಪಟ್ಟಿಯನ್ನೂ ಸಲ್ಲಿಸಿತು. ಕೋರ್ಟ್ ಮಾರ್ಷಲ್ ಬೇಕೇ, ಸಾಮಾನ್ಯ ನ್ಯಾಯಾಲಯವೇ ಎಂಬ ಆಯ್ಕೆಯನ್ನು ಸುಪ್ರೀಂ ಕೋರ್ಟ್ 2012ರಲ್ಲಿ ಸೇನೆಗೆ ಬಿಟ್ಟಿತು. ಸೇನೆ ಪ್ರಕರಣವನ್ನು ತನ್ನ ಕಡೆಗೆ ತೆಗೆದುಕೊಂಡು 2014ರಲ್ಲಿ ಸಾಕ್ಷ್ಯಾಧಾರ ಸಾಲದೆಂದು ಮುಚ್ಚಿತು. ಹದೀಥಾದಲ್ಲಿ ಇಲ್ಲದಿದ್ದ ಶವಪರೀಕ್ಷೆ ಇಲ್ಲಿ ಇತ್ತು, ಆದರೂ ಪ್ರಕರಣ ವಿಚಾರಣೆಯ ಹಂತವನ್ನೇ ಮುಟ್ಟಲಿಲ್ಲ.

ಇನ್ನು ಹದೀಥಾವನ್ನು ಮತ್ತೆ ತೆರೆಯುವ ಪ್ರಶ್ನೆ. ಕಾರ್ಯತಃ ಆಗದು. ವುಟೆರಿಚ್‌ನ ವಿಚಾರಣೆ ರಾಜಿಯಲ್ಲಿ ಮುಗಿದಿದೆ. ಸಾಕ್ಷಿ ಹೇಳಿದವರಿಗೆ ಮಾಫಿ ಸಿಕ್ಕಿದೆ. ಅಮೆರಿಕವಾಗಲಿ ಇರಾಕಾಗಲಿ ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯದ ಸದಸ್ಯ ದೇಶವಲ್ಲ. ಆಗಿರುವುದು ಒಂದೇ: ಅಂದು ಮರೀನ್‌ಗಳೇ ತೆಗೆದ ಫೋಟೋಗಳನ್ನು ಸೇನೆ ಮೃತರ ಬಂಧುಗಳ ಖಾಸಗಿತನದ ಕಾರಣವನ್ನೂ ಮುಂದಿಟ್ಟು ತಡೆದಿಟ್ಟಿತ್ತು. ಪತ್ರಕರ್ತರು ಮಾಹಿತಿ ಹಕ್ಕಿನ ಕಾನೂನಿನಡಿ ದಾವೆ ಹೂಡಿ, ಆ ಬಂಧುಗಳಿಂದಲೇ ಸಮ್ಮತಿಯ ಸಹಿ ಮಾಡಿಸಿಕೊಂಡು ತಂದ ಮೇಲೆ ಅವು ಕೈಗೆ ಬಂದವು, 2024ರಲ್ಲಿ ಅವುಗಳಲ್ಲಿ ಕೆಲವು ಪ್ರಕಟವಾದವು. ಘಟನೆಯ ದಿನದಿಂದಲೂ ಅವು ಸೇನೆಯ ಬಳಿಯೇ ಇದ್ದವು.